ಅಂಗಡಿ ನಡೆಯಿತು, ಕೂಟ ನಿಂತಿತು

ಮಂಡ್ಯದಲ್ಲಿ ನನ್ನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಗದ್ದೆಯ ಪಂಪ್‌ಸೆಟ್, ಬೋರ್‌ವೆಲ್ಲಿನ ಸಬ್‌ಮರ್ಸಿಬಲ್, ಆಲೆಮನೆಯ ಗಾಣದ ಮೋಟಾರ್, ಹಿಟ್ಟಿನ ಗಿರಣಿಯದ್ದು, ಯಾವುದು ಸುಟ್ಟರೂ ಗೋಣಿಚೀಲದಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ತರುತ್ತಾರೆ. 28 ವರ್ಷದಿಂದ ಇದೇ ಕೆಲಸ. ಇದರ ಜೊತೆಗೆ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಂಬತ್ತು ವರ್ಷ ಪುರುಷರ ಕೂಟ ನಡೆಸುತ್ತಿದ್ದೆ.

ಏಳು ವರ್ಷದ ಹಿಂದೆ ಬೈಕಿನಿಂದ ಬಿದ್ದು ಕಾಲು ಮುರಿಯಿತು. ಎರಡು ತಿಂಗಳು ಮಂಚವೇ ಗತಿ. ಕೂಟದವರು ಇಬ್ಬರು ಕಿತ್ತಳೆ ಹಣ್ಣು ತಗೊಂಡು ನೋಡೋಕೆ ಬಂದರು. "ಕೂಟ ಹೆಂಗ್ ನಡೀತಿದೆ?" ಅಂದೆ.

"ನೀವಿಲ್ದೆ ಎಲ್ಲಿ ನಡೀತದೆ ಬುಡಣ್ಣ. ನೀವು ಎದ್ದು ಬಂದ್ಮೇಲೆ ಶುರು ಮಾಡುವ ಅಂತಿದ್ದೀವಿ."

ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ಖುಷಿಯಾಯಿತು. ನಾನಿಲ್ಲದೆ ನಡೆಯಲ್ಲ ಅಂದರೆ ನಾನು ಅಷ್ಟು ಬೇಕಾದವನು ಅಂತ ತಾನೇ? ಅವರು ಹೋದ ಮೇಲೆ ನನ್ನ ಹೆಂಡತಿ ಹಣ್ಣು ಸುಲಿಯುತ್ತಾ ಕೇಳಿದಳು. "ಅಂಗಡಿ ಚೆನ್ನಾಗೇ ನಡೀತಿದೆಯಲ್ಲ? ಹುಡುಗರು ದಿನಾ ಸಾಯಂಕಾಲ ದುಡ್ಡು ತಂದುಕೊಟ್ಟು ಹೋಗ್ತಿದ್ದಾರೆ. ಕೂಟ ಮಾತ್ರ ಯಾಕೆ ನಿಂತುಹೋಯ್ತು?"

ಅವಳು ಕುಟುಕೋಕೆ ಕೇಳಿದ್ದಲ್ಲ. ಸುಮ್ನೆ ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲ ತಿಂಗಳು ಸುಟ್ಟ ಕಾಯಿಲ್ ಬಿಚ್ಚೋದೇ ಕೆಲಸ. ಎಷ್ಟು ಸುತ್ತು, ಯಾವ ಗೇಜು ತಂತಿ, ಕನೆಕ್ಷನ್ ಹೇಗಿತ್ತು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಆಮೇಲೆ ಸ್ಲಾಟ್ ಕ್ಲೀನ್ ಮಾಡಿ ಇನ್ಸುಲೇಷನ್ ಪೇಪರ್ ಹಾಕೋದು. ಆಮೇಲೆ ಪಕ್ಕದಲ್ಲಿ ಕೂತು ನಾನು ಸುತ್ತೋದನ್ನ ನೋಡೋದು. ಆಮೇಲೆ ಅವನು ಸುತ್ತುತ್ತಾನೆ, ನಾನು ಪಕ್ಕದಲ್ಲಿ. ಕೊನೆಗೆ ನಾನು ಬೇಕಂತಲೇ ಟೀ ಕುಡಿಯೋಕೆ ಹೊರಗೆ ಹೋಗುತ್ತೇನೆ. ಪ್ರತಿ ಹುಡುಗನೂ ಒಂದು ಮೋಟಾರಾದರೂ ಹಾಳು ಮಾಡುತ್ತಾನೆ. ಆ ನಷ್ಟ ನನ್ನದು. ಗಿರಾಕಿಗೆ ನಾನೇ ಮತ್ತೆ ಕಟ್ಟಿಕೊಡುತ್ತೇನೆ. ನನ್ನ ಹತ್ತಿರ ಕಲಿತ ಒಬ್ಬ ಮದ್ದೂರಿನಲ್ಲಿ ಅಂಗಡಿ ಇಟ್ಟಿದ್ದಾನೆ, ಇನ್ನೊಬ್ಬ ಪಾಂಡವಪುರದಲ್ಲಿ. ಮೂರನೆಯವನು ನಮ್ಮ ರಸ್ತೆಯಲ್ಲೇ ಇಟ್ಟ! ಅವನ ಮೇಲೆ ಸ್ವಲ್ಪ ದಿನ ಸಿಟ್ಟಿತ್ತು, ಇರಲಿ.

ಸಭೆಯಲ್ಲಿ ಒಬ್ಬನಿಗೂ ನಾನು ಹೀಗೆ ಕಲಿಸಿರಲಿಲ್ಲ. ಪ್ರತಿ ತಿಂಗಳು ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಕೂಟ. ಬ್ಯಾನರ್, ಮೈಕು, ಉಪ್ಪಿಟ್ಟು, ಕೇಸರಿಬಾತು. 30 ಜನ ಬರುತ್ತಿದ್ದರು. ಕೀರ್ತನೆ ಆರಿಸೋದು ನಾನು, ವಾಕ್ಯ ಓದೋದು ನಾನು, 40 ನಿಮಿಷ ಮಾತಾಡೋದೂ ನಾನೇ. ಕೊನೆಯ ಪ್ರಾರ್ಥನೆಯನ್ನ ಬೇರೆಯವರಿಗೆ ಕೊಡುತ್ತಿದ್ದೆ, ಅದೂ ಒಂದು ನಿಮಿಷ. ಎಲ್ಲರೂ ಆಮೆನ್ ಅಂದು ಉಪ್ಪಿಟ್ಟಿನ ಕಡೆ ಹೋಗುತ್ತಿದ್ದರು.

ಆ ಕೂಟದಲ್ಲಿ ಯಾರಿಗೆ ಏನು ಕಷ್ಟ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ವರ್ಷ ಸಭೆಗೆ ಕಾಣಿಕೆಯಾಗಿ ಬಂದ ಬೆಳೆಯನ್ನ ಹರಾಜು ಹಾಕುವ ಹಾರ್ವೆಸ್ಟ್ ಹಬ್ಬದಲ್ಲಿ ನಮ್ಮ ಕೂಟದವರೊಬ್ಬರು ಒಂದು ಬಾಳೆಗೊನೆಯನ್ನ 2,000 ರೂಪಾಯಿಗೆ ಕೂಗಿ ತಗೊಂಡರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅದಾದ ಮೂರು ತಿಂಗಳಿಗೆ ಅವರು ರಾತ್ರೋರಾತ್ರಿ ಊರು ಬಿಟ್ಟರು. ಮೀಟರ್ ಬಡ್ಡಿ ಸಾಲ. ಮಕ್ಕಳ ಸ್ಕೂಲ್ ಫೀಸು ಕಟ್ಟಿ ವರ್ಷವಾಗಿತ್ತಂತೆ. ಮೂರು ಫೇಸಿನಲ್ಲಿ ಒಂದು ಹೋದರೆ ಓಡುತ್ತಿರುವ ಮೋಟಾರ್ ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡರ ಮೇಲೆ ಹೊರೆ ಬಿದ್ದು ಒಳಗೇ ಕಾಯುತ್ತಾ ಹೋಗುತ್ತದೆ. ಕೈಯಿಟ್ಟು ನೋಡಿದವನಿಗೆ ಮಾತ್ರ ಗೊತ್ತಾಗೋದು. ನಾವ್ಯಾರೂ ಕೈಯಿಟ್ಟು ನೋಡಿರಲಿಲ್ಲ. ಅದರಲ್ಲೂ ನಾನು, ದಿನಾ ಅದೇ ಕೆಲಸ ಮಾಡುವವನು.

ಕಾಲು ಸರಿಹೋದ ಮೇಲೆ ಕೂಟ ಶುರು ಮಾಡೋಕೆ ಮುಂಚೆ ಮನೆಯಲ್ಲಿ ಒಂದು ಬದಲಾವಣೆ ಮಾಡಿದೆ. ನಮ್ಮದು ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಅಲ್ಲೂ ನಾನೇ ಎಲ್ಲ. ಮಗ ಪಿಯುಸಿ ಓದುತ್ತಿದ್ದ, ತಲೆ ಬಗ್ಗಿಸಿ ಕೂತಿರುತ್ತಿದ್ದ. ಪ್ರಾರ್ಥನೆಗೆ ಅಂದುಕೊಂಡಿದ್ದೆ, ಮೊಬೈಲಿಗೆ ಅಂತ ಆಮೇಲೆ ಗೊತ್ತಾಯಿತು. "ಇನ್ಮೇಲೆ ವಾರಕ್ಕೆರಡು ದಿನ ನೀನೇ ನಡೆಸು. ಯಾವ ಭಾಗ ಬೇಕೋ ಓದು" ಅಂದೆ. ಅವನು ಬೈಬಲಿನ ಮೊದಲನೇ ಸಮುವೇಲ ತೆಗೆದ. ಸುಲಭದ ಕಥೆ ಅಂತ ಇರಬೇಕು. ಮೂರನೇ ಅಧ್ಯಾಯ ಓದಿ ಮುಗಿಸಿ ನನ್ನ ಮುಖ ನೋಡಿದ.

"ಅಪ್ಪ, ಈ ಏಲಿ ಸಮುವೇಲನಿಗೆ ದೇವರ ಧ್ವನಿ ಹೆಂಗೆ ಕೇಳಿಸ್ಕೋಬೇಕು ಅಂತ ಎಷ್ಟು ಚೆನ್ನಾಗಿ ಹೇಳಿಕೊಟ್ಟ. ಅವನ ಸ್ವಂತ ಮಕ್ಕಳು ಯಾಕೆ ಹಾಳಾದ್ರು?"

ಹೊಫ್ನಿ, ಫೀನೆಹಾಸ ಅಂತ ಆ ಮಕ್ಕಳ ಹೆಸರು. ಏಲಿ ಮಹಾಯಾಜಕ, ಮಕ್ಕಳು ದೇವರ ಆರಾಧನೆಯ ಗುಡಾರದಲ್ಲೇ ಕೆಲಸ ಮಾಡುತ್ತಿದ್ದವರು, ಬಲಿಯ ಮಾಂಸವನ್ನೇ ಕಿತ್ತುಕೊಳ್ಳುತ್ತಿದ್ದರು. ಏಲಿ ಒಂದು ಸಲ ಗದರಿದ, ಆದರೆ ತಡೆಯಲಿಲ್ಲ. ಈ ಭಾಗದ ಮೇಲೆ ನಾನೇ ಎರಡು ಸಲ ಪ್ರಸಂಗ ಮಾಡಿದ್ದೆ. ಆದರೂ ಅವತ್ತು ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಣೋ" ಅಂದೆ. ಆಮೇಲೆ, ಅವನಿಗೆ ಮಾರ್ಕ್ಸ್ ಕಡಿಮೆ ಬಂದಾಗ ಚಿಕ್ಕಪ್ಪನ ಮನೆಯವರೆಲ್ಲರ ಮುಂದೆ ಬಯ್ದಿದ್ದೆನಲ್ಲ, ಅದಕ್ಕೆ ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ ಬಿಡಿ" ಅಂತ ಬೇಗ ಬೇಗ ಪ್ರಾರ್ಥನೆ ಮುಗಿಸಿದ. ಅವತ್ತೇ ಎಲ್ಲ ಸರಿಹೋಯಿತು ಅಂತೇನಿಲ್ಲ. ಆದರೆ ಅವನ ಪ್ರಶ್ನೆಗಳು ನಿಲ್ಲಲಿಲ್ಲ. ಈಗಲೂ ಬೆಂಗಳೂರಿನಿಂದ ಫೋನ್ ಮಾಡಿ ಕೇಳುತ್ತಾನೆ.

ಕೂಟವನ್ನ ನಾಲ್ಕೇ ಜನರಿಂದ ಮತ್ತೆ ಶುರು ಮಾಡಿದೆ. ಶನಿವಾರ ರಾತ್ರಿ ಎಂಟಕ್ಕೆ ಅಂಗಡಿ ಶಟರ್ ಅರ್ಧ ಇಳಿಸಿ, ವಾರ್ನಿಶ್ ವಾಸನೆಯಲ್ಲೇ ಕೂತೆವು. ನಾನು, ಒಬ್ಬರು ಸ್ಕೂಲ್ ಮೇಷ್ಟ್ರು, ಸಕ್ಕರೆ ಕಾರ್ಖಾನೆಯಿಂದ ರಿಟೈರ್ ಆದ ಒಬ್ಬ ಹಿರಿಯರು, ಒಬ್ಬ ಆಟೋ ಡ್ರೈವರ್. ಕಾರ್ಖಾನೆ ಅಂದಾಗ ನೆನಪಾಯಿತು. ನಮ್ಮ ತಾತನೂ 1933ರಲ್ಲಿ ಅದು ಶುರುವಾದ ಕಾಲಕ್ಕೆ ಮೈಸೂರಿನಿಂದ ಮಂಡ್ಯಕ್ಕೆ ಬಂದವರು. ಅಜ್ಜಿ ಮದುವೆಗೆ ಮುಂಚೆ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿದ್ದವರು, 1906ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ದೊರೆಸಾನಿ ಡಾಕ್ಟರು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೆರಿಗೆ ಮಾಡಿಸೋದು ಕಲಿಸಿದರಂತೆ. "ಅವರೆಲ್ಲ ಹಡಗು ಹತ್ತಿ ಹೊರಟೋದ್ರು, ಆಸ್ಪತ್ರೆ ಹೋಯ್ತಾ?" ಅನ್ನುತ್ತಿದ್ದರು. 1947ರಲ್ಲಿ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದದ್ದನ್ನೂ ಅಜ್ಜಿ ಒಂದೇ ಮಾತಲ್ಲಿ ಮುಗಿಸುತ್ತಿದ್ದರು: ಬೋರ್ಡು ಹೊಸದು, ಬೆಂಚು ಅದೇ.

ಇನ್ನೊಂದು ಮಾತು. ನಮ್ಮ ಸಭೆಯ ಸ್ತ್ರೀಯರ ಕೂಟ ನಾನು ಹುಟ್ಟೋಕೆ ಮುಂಚಿನಿಂದ ನಡೆಯುತ್ತಿದೆ, ಒಂದು ವಾರವೂ ನಿಂತಿಲ್ಲ. ಅವರು ಮೊದಲಿಂದಲೂ ಸರದಿ ಮೇಲೆ ನಡೆಸುತ್ತಾರೆ. ತನ್ನ ಶಿಷ್ಯ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇತ್ತು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ಬರೆಯುತ್ತಾನೆ. ನಾವು ಗಂಡಸರು ದೊಡ್ಡದಾಗಿ ಏನೋ ಕಂಡುಹಿಡಿದೆವು ಅಂದುಕೊಳ್ಳೋಕೆ ಮುಂಚೆ ಪಕ್ಕದ ಕೋಣೆಯಲ್ಲಿ ಇಣುಕಿ ನೋಡಿದ್ದರೆ ಸಾಕಿತ್ತು.

ಅಂಗಡಿ ಕೂಟದಲ್ಲಿ ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ಈ ವಾರ ಮನೆಯಲ್ಲಿ ಯಾರನ್ನಾದರೂ ಅಳಿಸಿದೆಯಾ? ಯಾರಿಗೆ ಸುಳ್ಳು ಹೇಳಿದೆ? ಹೊಸ ಸಾಲ ಏನಾದರೂ ಮಾಡಿದೆಯಾ? ಓದಿದ್ದರಲ್ಲಿ ಏನು ಚುಚ್ಚಿತು? ಮೊದಲ ಮೂರು ವಾರ ಎಲ್ಲರದ್ದೂ ಒಂದೇ ಉತ್ತರ, "ಅಂಥದ್ದೇನಿಲ್ಲ." ನಾಲ್ಕನೇ ವಾರ ನಾನೇ ಬಾಯಿಬಿಟ್ಟೆ. ಗಿರಾಕಿಯೊಬ್ಬರಿಗೆ ಹಳೇ ಬೇರಿಂಗ್ ಹಾಕಿ ಹೊಸದರ ದುಡ್ಡು ತಗೊಂಡಿದ್ದೆ. ಹೇಳುವಾಗ ಕಿವಿ ಬಿಸಿಯಾಯಿತು. ಸೋಮವಾರ ಅವರ ಊರಿಗೇ ಹೋಗಿ ಬೇರಿಂಗ್ ಬದಲಾಯಿಸಿಕೊಟ್ಟೆ. ಅದರ ಮುಂದಿನ ವಾರದಿಂದ ಉಳಿದವರೂ ಮಾತಾಡಿದರು. ಅವರು ಹೇಳಿದ್ದನ್ನ ಇಲ್ಲಿ ಬರೆಯುವಂತಿಲ್ಲ. ಶಟರ್ ಒಳಗಿನ ಮಾತು ಶಟರ್ ದಾಟಬಾರದು ಅನ್ನೋದು ನಮ್ಮ ಕಟ್ಟಳೆ. ಹೆಂಡತಿಗೂ ಹೇಳುವಂತಿಲ್ಲ.

ಒಂದು ಕಟ್ಟಳೆ ಮಾತ್ರ ಪೆಟ್ಟು ತಿಂದು ಕಲಿತದ್ದು. ಕೂಟದೊಳಗೆ ಸಾಲ ಕೊಡಬಾರದು. ಶುರುವಿನಲ್ಲಿ ಒಬ್ಬರಿಗೆ 15,000 ಕೊಟ್ಟೆ. ವಾಪಸ್ ಕೊಡೋಕಾಗದೆ ನಾಚಿಕೆಯಿಂದ ಅವರು ಬರೋದೇ ನಿಲ್ಲಿಸಿದರು. ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ಬೇಜಾರಾಯಿತು. ಮನೆಗೆ ಹೋಗಿ ಆ ಲೆಕ್ಕ ಅಳಿಸಿದ್ದೇನೆ ಅಂತ ಹೇಳಿ ಕರೆದುಕೊಂಡು ಬರೋಕೆ ಐದು ತಿಂಗಳು ಬೇಕಾಯಿತು. ಆಮೇಲೆ ಒಂದು ಬಿಸ್ಕತ್ ಡಬ್ಬಿ ಇಟ್ಟೆವು. ವಾರಕ್ಕೆ ತಲೆಗೆ 50 ರೂಪಾಯಿ. ಯಾರಿಗಾದರೂ ಆಸ್ಪತ್ರೆ, ಫೀಸು ಅಂತ ಬಂದರೆ ಅದರಿಂದ ಕೊಡುತ್ತೇವೆ. ಕೊಟ್ಟಿದ್ದು ಕೊಟ್ಟಂಗೆ, ವಾಪಸ್ ಕೇಳೋದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸರದಿ ಮೇಲೆ ನಡೆಸೋದು. ರಿಟೈರ್ ಆದ ಹಿರಿಯರ ಸರದಿ ಬಂದಾಗ ಅವರು ಆದಿಕಾಂಡದ ಐದನೇ ಅಧ್ಯಾಯ ತೆಗೆದರು. ಆದಾಮ ಸೇತನನ್ನ ಪಡೆದ, ಸೇತ ಎನೋಷನನ್ನ ಪಡೆದ, ಇಷ್ಟು ವರ್ಷ ಬದುಕಿ ಸತ್ತ. ಬರೀ ಇದೇ. ಓದಿ ಮುಗಿಸಿ ಕನ್ನಡಕ ತೆಗೆದು ಸುಮ್ಮನೆ ಕೂತರು. ನನಗೆ ಬೈಬಲ್ ಕಿತ್ತುಕೊಂಡು ನಾನೇ ಎರಡು ಮಾತು ಹೇಳಿಬಿಡೋಣ ಅನ್ನಿಸಿತು. ಮೋಟಾರ್ ಸುಟ್ಟರೆ ಸುಡಲಿ ಅಂತ ನಾಲಿಗೆ ಕಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು, "ಇಷ್ಟೊಂದು ಜನ ಸತ್ತ, ಸತ್ತ ಅಂತ ಬರ್ದವ್ರೆ. ಹನೋಕ ಒಬ್ಬ ಮಾತ್ರ ದೇವರ ಜೊತೆ ನಡೆದ ಅಂತ ಬರ್ದವ್ರೆ. ನನ್ ಬಗ್ಗೆ ಏನ್ ಬರೀತಾರೋ ಕಾಣೆ." ನನ್ನ 40 ನಿಮಿಷದಲ್ಲಿ ಅಂಥ ಮಾತು ಒಂದು ದಿನವೂ ಬಂದಿರಲಿಲ್ಲ.

ಆಟೋ ಡ್ರೈವರ್ ಜನರ ಮುಂದೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವನೇ ಅಲ್ಲ. ಅವನ ಮೊದಲ ಪ್ರಾರ್ಥನೆ ಇಷ್ಟೇ: "ಕರ್ತನೇ, ಇವತ್ತು ಗಾಡಿ ಓಡಿಸ್ವಾಗ ಯಾರ್ಗೂ ಬಯ್ಲಿಲ್ಲ. ನಾಳೆನೂ ನೀನೇ ಕಾಯಬೇಕು. ಆಮೆನ್."

ಎರಡು ವರ್ಷಕ್ಕೆ ನಾವು ಏಳು ಜನ ಆದೆವು. ಕೊನೆಗೆ ಸೇರಿದವನು ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ. ಅವನನ್ನ ನಾನು ನನ್ನ ಜೊತೆ ಎಲ್ಲ ಕಡೆ ಕರೆದುಕೊಂಡು ಹೋಗುತ್ತಿದ್ದೆ. ಆಸ್ಪತ್ರೆಗೆ, ಸಾವಿನ ಮನೆಗೆ, ಜಗಳದ ಮನೆಗೆ. ಮೊದಲು ಅವನು ಸುಮ್ನೆ ನಿಂತಿರುತ್ತಿದ್ದ. ಆಮೇಲೆ ಅವನು ವಾಕ್ಯ ಓದುತ್ತಿದ್ದ. ಆಮೇಲೆ ಅವನು ಮಾತಾಡುತ್ತಿದ್ದ, ನಾನು ಹಿಂದೆ ನಿಂತಿರುತ್ತಿದ್ದೆ. ಕಾಯಿಲ್ ಕಲಿಸಿದ ಹಾಗೇ. ನೀನು ನನ್ನಿಂದ ಕೇಳಿದ್ದನ್ನ ನಂಬಿಗಸ್ತರಿಗೆ ಒಪ್ಪಿಸು, ಅವರು ಇನ್ನೊಬ್ಬರಿಗೆ ಕಲಿಸಲಿ ಅಂತ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಇದೆಯಲ್ಲ. ಎಣಿಸಿ ನೋಡಿ, ಪೌಲ, ತಿಮೊಥೆಯ, ಅವನಿಂದ ಕಲಿತವರು, ಅವರಿಂದ ಕಲಿಯುವವರು, ಒಂದೇ ವಾಕ್ಯದಲ್ಲಿ ನಾಲ್ಕು ತಲೆಮಾರು.

ಮೂರನೇ ವರ್ಷ ಕೂಟವನ್ನ ಅವನ ಕೈಗೆ ಕೊಟ್ಟೆ. ಅವನು ಮಾಡಿದ ಮೊದಲ ಕೆಲಸ ಶನಿವಾರ ರಾತ್ರಿಯ ಕೂಟವನ್ನ ಭಾನುವಾರ ಬೆಳಗ್ಗೆ ಆರು ಗಂಟೆಗೆ ಬದಲಾಯಿಸಿದ್ದು. ಅಂಗಡಿಯಲ್ಲಿ ಜಾಗ ಸಾಲದು ಅಂತ ಸಭೆಯ ಹಿಂದಿನ ಹುಣಸೆಮರದ ಕೆಳಗೆ ಇಟ್ಟುಕೊಂಡ. ನನ್ನ ನಾಲ್ಕು ಪ್ರಶ್ನೆಯಲ್ಲಿ ಒಂದನ್ನ ತೆಗೆದು ಮೊಬೈಲಿನಲ್ಲಿ ಏನು ನೋಡಿದೆ ಅಂತ ಹಾಕಿದ. ನನ್ನನ್ನ ಒಂದು ಮಾತು ಕೇಳಲಿಲ್ಲ. ಉರಿಯಿತು. ಎರಡು ವಾರ ಹೋಗಲೇ ಇಲ್ಲ, ಮಂಡಿ ನೋವು ಅಂತ ನೆಪ ಹೇಳಿದೆ.

ಆ ಎರಡು ವಾರ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬನ ಕಥೆ ಓದಿದೆ. ಆಮೇಲೆ ಪೌಲ ಅಂತ ಹೆಸರಾದ ಸೌಲನನ್ನ ಕಂಡರೆ ಎಲ್ಲರೂ ಹೆದರುತ್ತಿದ್ದಾಗ ಅವನ ಪರವಾಗಿ ನಿಂತವನು ಬಾರ್ನಬ. ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯಕ್ಕೆ ಕರೆದುಕೊಂಡು ಬಂದವನೂ ಅವನೇ. ಅಲ್ಲಿಂದ ಇಬ್ಬರೂ ಸುವಾರ್ತೆ ಸಾರೋಕೆ ಹೊರಡುವಾಗ ಹೆಸರು ಬರೋದು "ಬಾರ್ನಬ, ಸೌಲ" ಅಂತ. ಅದೇ 13ನೇ ಅಧ್ಯಾಯ ಅರ್ಧಕ್ಕೆ ಬರುವಷ್ಟರಲ್ಲಿ "ಪೌಲನೂ ಅವನ ಜೊತೆಯಲ್ಲಿದ್ದವರೂ" ಅಂತ ಆಗಿಹೋಗುತ್ತದೆ. ಬಾರ್ನಬನ ಹೆಸರೇ ಇಲ್ಲ! ಅವನಿಗೆ ಹೇಗನ್ನಿಸಿತೋ ಅಲ್ಲಿ ಬರೆದಿಲ್ಲ. ಆಮೇಲೆ ಮಾರ್ಕ ಅನ್ನುವ ಜೊತೆಗಾರನ ವಿಷಯಕ್ಕೆ ಇಬ್ಬರೂ ಜಗಳ ಮಾಡಿ ಬೇರೆಯಾದದ್ದನ್ನ ಬರೆದಿದೆ. ಆದ್ದರಿಂದ ಬಾರ್ನಬನೂ ಕಲ್ಲಲ್ಲ ಅಂತ ನನಗೆ ಸ್ವಲ್ಪ ಸಮಾಧಾನ. ಮೂರನೇ ವಾರ ಹೋಗಿ ಹುಣಸೆಮರದ ಕೆಳಗೆ ಹಿಂದಿನ ಸಾಲಿನಲ್ಲಿ ಕೂತೆ. ಹುಡುಗ "ಮಂಡಿ ಹೆಂಗಿದೆ ಅಂಕಲ್?" ಅಂತ ಕೇಳಿದ. ನೋವು ಮಂಡಿಯದ್ದಾಗಿರಲಿಲ್ಲ ಅಂತ ಅವತ್ತು ಎಲ್ಲರ ಮುಂದೆ ಹೇಳಿಬಿಟ್ಟೆ. ಸುಳ್ಳು ಹೇಳಿದೆಯಾ ಅನ್ನೋ ಪ್ರಶ್ನೆಯನ್ನ ಅವನು ತೆಗೆದಿರಲಿಲ್ಲ.

ಈಗ ಅಂಥ ಮೂರು ಕೂಟ ಇವೆ. ಒಂದನ್ನ ಆಟೋ ಡ್ರೈವರ್ ನಡೆಸುತ್ತಾನೆ, ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ. ಅಲ್ಲಿ ಬರುವವರಲ್ಲಿ ಅರ್ಧ ಜನರ ಹೆಸರೂ ನನಗೆ ಗೊತ್ತಿಲ್ಲ. ಬಿಸ್ಕತ್ ಡಬ್ಬಿ ಮಾತ್ರ ಮೂರು ಕಡೆಯೂ ಅದೇ ಥರದ್ದು.

ಹೋದ ತಿಂಗಳು ಜ್ವರ ಬಂದು ಒಂದು ಭಾನುವಾರ ಕೂಟಕ್ಕೂ ಆರಾಧನೆಗೂ ಹೋಗಲಾಗಲಿಲ್ಲ. ಸಾಯಂಕಾಲದವರೆಗೆ ಯಾರೂ ಫೋನ್ ಮಾಡಲಿಲ್ಲ. ಮರುದಿನ ಮೇಷ್ಟ್ರು ಮಿಕ್ಸಿ ರಿಪೇರಿಗೆ ಅಂತ ಅಂಗಡಿಗೆ ಬಂದರು. ಕೂಟ ಹೇಗಿತ್ತು ಅಂತ ಕೇಳಿದೆ.

"ಬಾಳ ಚೆನ್ನಾಗಿತ್ತು. ಯಾಕೆ, ನೀವು ಬಂದಿರಲಿಲ್ವಾ?"

ರಾತ್ರಿ ಇದನ್ನ ಹೆಂಡತಿಗೆ ಹೇಳಿದೆ. ಅವಳು ಸಾರಿನ ಸೌಟು ಕೆಳಗಿಟ್ಟು ನಕ್ಕಳು. ನಾನು ಒಂದೆರಡು ನಿಮಿಷ ತಡವಾಗಿ ನಕ್ಕೆ.