ಡಿಸಾಸ್ಟರ್ ಅಂದರೆ ಗ್ರಹಚಾರ: ನಾನು ಇಂಗ್ಲಿಷ್ ಪದ ಕಲಿತ ಬಗೆ

ನಾನು ಓದಿದ್ದು ಕನ್ನಡ ಮೀಡಿಯಂ. ಬ್ಯಾಂಕ್ ಪರೀಕ್ಷೆಗೆ ಓದುವಾಗ ದಿನಕ್ಕೆ 30 ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೆ. ವಾರ ಕಳೆದರೆ ನಾಲ್ಕೋ ಐದೋ ಉಳಿಯುತ್ತಿದ್ದವು.

ಒಂದು ರಾತ್ರಿ ಡಿಕ್ಷನರಿಯಲ್ಲಿ 'ಡಿಸಾಸ್ಟರ್' ನೋಡುತ್ತಿದ್ದೆ. ಅರ್ಥದ ಕೆಳಗೆ ಪದದ ಮೂಲ ಕೊಟ್ಟಿದ್ದರು. ಇಟಾಲಿಯನ್ನಿನಲ್ಲಿ 'ಆಸ್ಟ್ರೊ' ಅಂದರೆ ನಕ್ಷತ್ರ. ಕೆಟ್ಟ ನಕ್ಷತ್ರದಿಂದ ಬಂದ ಅನಾಹುತವೇ ಡಿಸಾಸ್ಟರ್. ಮೈ ಜುಂ ಅಂತು. ಏನು ಕೆಟ್ಟರೂ ನಮ್ಮಜ್ಜಿ 'ಗ್ರಹಚಾರ ಕಣೋ' ಅನ್ನುತ್ತಿದ್ದರಲ್ಲ, ಅದೇ ಮಾತು! ಆ ಪದ ಮತ್ತೆ ಮರೆಯಲಿಲ್ಲ.

ಮರುದಿನವೇ ಹೊಸ ನೋಟ್‌ಬುಕ್ ತಂದು ಮೂರು ಕಾಲಂ ಹಾಕಿದೆ: ಪದ, ಅದರ ಮೂಲ, ಅದಕ್ಕೆ ಹತ್ತಿರದ ಕನ್ನಡ. ಸೂಪರ್‌ಸಿಲಿಯಸ್ ಅಂದರೆ ಜಂಬದವನು. ಲ್ಯಾಟಿನ್ನಿನ 'ಸೂಪರ್‌ಸಿಲಿಯಂ' ಅಂದರೆ ಹುಬ್ಬು. ಹುಬ್ಬೇರಿಸಿ ನೋಡುವ ಮುಖ ಕಣ್ಣೆದುರು ಬಂತು, ಪದ ಕೂತಿತು. ಇಗ್ನೈಟ್‌ನ ಹಿಂದೆ 'ಇಗ್ನಿಸ್', ಅಂದರೆ ಬೆಂಕಿ. ನಮ್ಮ ಅಗ್ನಿಯ ನೆಂಟ. ಡೆಂಟಲ್‌ಗೆ ದಂತ. 80 ದಾಟಿದ ಆಕ್ಟೊಜೆನೇರಿಯನ್‌ಗೆ ಅಷ್ಟ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕೆಂದು ಸಂಸ್ಕೃತ ಕಲಿತ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತಾದಲ್ಲಿ ಹೇಳಿದ್ದರು. ಕನ್ನಡ ಆ ಕುಟುಂಬದ್ದಲ್ಲ. ಆದರೂ ಸಂಸ್ಕೃತದಿಂದ ನಾವು ಎರವಲು ತಂದ ಪದಗಳು ಇಲ್ಲಿ ತುಂಬಾ ನೆರವಾಗುತ್ತವೆ. ಸುಮ್ನೆ ಸದ್ದು ಹೊಂದಿದರೆ ಮಾತ್ರ ಸಾಲದು. 'ಒನ್' ಮತ್ತು 'ಒಂದು' ಒಂದೇ ಥರ ಕೇಳಿಸುತ್ತವೆ, ಅಲ್ವಾ? ಅವಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ಡಿಕ್ಷನರಿ ನೋಡದೆ ಏನನ್ನೂ ಬರೆದುಕೊಳ್ಳುವುದಿಲ್ಲ.

ಮೂಲ ಗೊತ್ತಾದರೆ ಎಲ್ಲ ಗೊತ್ತಾಯಿತು ಅಂದುಕೊಂಡಿದ್ದೆ. ಲ್ಯಾಟಿನ್ನಿನ 'ಗ್ರೆಕ್ಸ್' ಅಂದರೆ ಹಿಂಡು. ಎಲ್ಲರೊಡನೆ ಬೆರೆಯುವವನು ಗ್ರಿಗೇರಿಯಸ್. ಹಿಂಡಿನಿಂದ ಬೇರೆ ಮಾಡಿದರೆ ಸೆಗ್ರಿಗೇಟ್. ಹಿಂಡಿನಲ್ಲಿ ಎದ್ದು ಕಾಣುವುದು ಎಗ್ರೀಜಿಯಸ್. ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಬರೆದ ಬೀಳ್ಕೊಡುಗೆ ಪತ್ರದಲ್ಲಿ ಅವರ ಸೇವೆಯನ್ನು 'ಎಗ್ರೀಜಿಯಸ್' ಅಂತ ಹೊಗಳಿದೆ. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ಅದು ಹೊಗಳಿಕೆಯೇ. ಈಗ ಅದರರ್ಥ, ಎದ್ದು ಕಾಣುವಷ್ಟು ಕೆಟ್ಟದ್ದು! ಜೊತೆಯವರೊಬ್ಬರು ನೋಡಿ ಮೆಲ್ಲಗೆ ತಿದ್ದಿದರು. ಪತ್ರ ಇನ್ನೂ ಕೈಸೇರಿರಲಿಲ್ಲ. ಆದರೂ ಅಷ್ಟು ಒಳ್ಳೆಯ ಮನುಷ್ಯರ ಬಗ್ಗೆ ಹಾಗೆ ಬರೆದೆನಲ್ಲ ಎಂದು ಬಹಳ ದಿನ ನೋವಾಯಿತು.

ಅವತ್ತೇ ನಾಲ್ಕನೇ ಕಾಲಂ ಸೇರಿಸಿದೆ. ಆ ಪದ ಇರುವ ಒಂದು ವಾಕ್ಯ, ಇಂಗ್ಲಿಷ್ ಪೇಪರಿನಲ್ಲಿ ನಾನೇ ಓದಿ ಕಂಡದ್ದು. ಈಗ ದಿನಕ್ಕೆ ಮೂರೇ ಪದ. ಕೆಲವು ಪದಗಳ ಮುಂದೆ ಆ ಜಾಗ ತಿಂಗಳುಗಟ್ಟಲೆ ಖಾಲಿ ಇರುತ್ತದೆ. ಅದು ತುಂಬುವವರೆಗೆ ಆ ಪದವನ್ನು ನಾನು ಬಳಸುವುದಿಲ್ಲ.