ಅಮೆರಿಕದಲ್ಲಿ ಅಸೈಲಮ್ ಅರ್ಜಿ ಬಾಕಿ ಇರುವಾಗ ವರ್ಕ್ ಪರ್ಮಿಟ್: 180 ದಿನಗಳ ಲೆಕ್ಕ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಅಮೆರಿಕದಲ್ಲಿ ಅಸೈಲಮ್, ಅಂದರೆ ಆಶ್ರಯ, ಕೇಳಿ ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಸಿಗುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು, ಅದೂ ನಿಗದಿತ ದಿನಗಳು ಕಳೆದ ಮೇಲೆ. ಅಸೈಲಮ್ ಅರ್ಜಿಯ ನಮೂನೆ ಐ-589, ಕೆಲಸದ ಪರವಾನಗಿಯ ನಮೂನೆ ಐ-765. ಪರವಾನಗಿಯಾಗಿ ಬರುವ ಕಾರ್ಡನ್ನು ಎಲ್ಲರೂ ಇಎಡಿ ಅಥವಾ ವರ್ಕ್ ಪರ್ಮಿಟ್ ಎನ್ನುತ್ತಾರೆ. ಐ-765 ತುಂಬುವುದು ಒಂದು ಸಂಜೆಯ ಕೆಲಸ. ಜನ ಎಡವುವುದು ಅಲ್ಲಲ್ಲ, ಅದಕ್ಕೂ ಮುಂಚಿನ ಐದಾರು ತಿಂಗಳ ದಿನಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಹೆಚ್ಚು ಮಾತು ಆ ಲೆಕ್ಕದ ಬಗ್ಗೆಯೇ ಇದೆ.

ಶುರುವಿಗೆ ಒಂದು ಎಚ್ಚರಿಕೆ. ವರ್ಕ್ ಪರ್ಮಿಟ್ ಸಿಗಲೆಂದೇ ಕಥೆ ಕಟ್ಟಿ ಅಸೈಲಮ್ ಹಾಕಿಸುವ ಏಜೆಂಟರಿದ್ದಾರೆ. ಗೊತ್ತಿದ್ದೂ ಸುಳ್ಳು ಹೇಳಿದ ಅರ್ಜಿ ಎಂದು ತೀರ್ಮಾನವಾದರೆ ಅಮೆರಿಕದ ವಲಸೆ ಕಾನೂನಿನ ಬಹುತೇಕ ಎಲ್ಲ ಸೌಲಭ್ಯಗಳೂ ಆ ವ್ಯಕ್ತಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಮುಂದೆ ಮದುವೆಯಾದರೂ, ಕಂಪನಿ ಸ್ಪಾನ್ಸರ್ ಮಾಡಿದರೂ ಬಾಗಿಲು ತೆರೆಯುವುದಿಲ್ಲ. ಊರಿಗೆ ಮರಳಿದರೆ ನಿಜಕ್ಕೂ ಅಪಾಯವಿದೆ ಎನ್ನುವವರಿಗಾಗಿ ಮಾತ್ರ ಈ ಬರಹ.

150 ದಿನ, 180 ದಿನ

ಐ-589 ಸಲ್ಲಿಕೆಯಾಗಿ 150 ದಿನ ಕಳೆದ ಮೇಲೆ ಐ-765 ಹಾಕಬಹುದು. ಲೆಕ್ಕ 180 ದಿನ ಮುಟ್ಟುವ ತನಕ ಕಾರ್ಡ್ ಕೊಡುವಂತಿಲ್ಲ. ಇವು ಕ್ಯಾಲೆಂಡರ್ ದಿನಗಳು, ಶನಿವಾರ ಭಾನುವಾರವೂ ಸೇರುತ್ತವೆ. ಲೆಕ್ಕ ಶುರುವಾಗುವುದು ನೀವು ಸಹಿ ಹಾಕಿದ ದಿನದಿಂದಲ್ಲ, ಅಂಚೆಗೆ ಹಾಕಿದ ದಿನದಿಂದಲೂ ಅಲ್ಲ. ಪೂರ್ಣವಾಗಿ ತುಂಬಿದ ಅರ್ಜಿಯನ್ನು ವಲಸೆ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆಯಾದ ಯುಎಸ್‌ಸಿಐಎಸ್ ಅಥವಾ ಇಮಿಗ್ರೇಶನ್ ಕೋರ್ಟ್ ಸ್ವೀಕರಿಸಿದ ದಿನದಿಂದ. ರಸೀದಿಯ ಮೇಲೆ ಆ ತಾರೀಖು ಇರುತ್ತದೆ. 2026ರ ಜನವರಿ 10ರಂದು ಸ್ವೀಕಾರವಾಗಿದ್ದರೆ, ನಡುವೆ ಈ ದಿನಲೆಕ್ಕ, ಅಂದರೆ ‘ಗಡಿಯಾರ’ (ಕ್ಲಾಕ್), ನಿಲ್ಲದಿದ್ದರೆ, ಜೂನ್ 9ಕ್ಕೆ 150 ದಿನ, ಜುಲೈ 9ಕ್ಕೆ 180 ದಿನ. ಜೂನ್ 9ರ ಬೆಳಿಗ್ಗೆಯೇ ಅರ್ಜಿ ಒತ್ತಬೇಡಿ. ಮೂರು ನಾಲ್ಕು ದಿನ ಬಿಟ್ಟು ಹಾಕಿ. ಮುಂಚಿತವಾಗಿ ಬಂತೆಂದು ಅರ್ಜಿ ತಿರಸ್ಕಾರವಾದರೆ ಕಳೆದುಹೋಗುವ ಸಮಯ ಈ ನಾಲ್ಕು ದಿನಗಳಿಗಿಂತ ಎಷ್ಟೋ ಹೆಚ್ಚು.

ಐ-589 ಎಲ್ಲಿಗೆ ಹೋಗಬೇಕು ಎಂಬುದೂ ಲೆಕ್ಕಕ್ಕೆ ಮುಖ್ಯ. ನಿಮ್ಮ ಮೇಲೆ ಗಡೀಪಾರು ಪ್ರಕರಣ ಕೋರ್ಟಿನಲ್ಲಿ ದಾಖಲಾಗಿದ್ದರೆ ಅರ್ಜಿ ಹೋಗಬೇಕಾದದ್ದು ಆ ಕೋರ್ಟಿಗೆ. ಗೊತ್ತಾಗದೆ ಯುಎಸ್‌ಸಿಐಎಸ್‌ಗೆ ಕಳಿಸಿದರೆ ಸರಿಯಾದ ಕಡೆ ಅರ್ಜಿಯೇ ಇಲ್ಲದಂತಾಗಿ ತಿಂಗಳುಗಳು ವ್ಯರ್ಥವಾಗುತ್ತವೆ. ದೇಶಕ್ಕೆ ಬಂದ ಒಂದು ವರ್ಷದೊಳಗೆ ಐ-589 ಹಾಕಬೇಕೆಂಬ ನಿಯಮವೂ ಇರುವುದರಿಂದ ಈ ತಪ್ಪಿಗೆ ಎರಡು ಕಡೆ ಬೆಲೆ ತೆರಬೇಕಾಗುತ್ತದೆ.

ಗಡಿಯಾರ ನಿಲ್ಲುವುದು ಯಾವಾಗ

ಅರ್ಜಿದಾರರ ಕಡೆಯಿಂದ ತಡವಾದರೆ ದಿನಲೆಕ್ಕ ನಿಲ್ಲುತ್ತದೆ. ಕಚೇರಿಯ ಕಡೆಯಿಂದ ತಡವಾದರೆ ನಿಲ್ಲುವುದಿಲ್ಲ. ಯುಎಸ್‌ಸಿಐಎಸ್ ಮುಂದಿರುವ ಪ್ರಕರಣದಲ್ಲಿ ಸಂದರ್ಶನದ ದಿನ ಮುಂದೂಡಿ ಎಂದು ನೀವೇ ಕೇಳುವುದು, ಬೆರಳಚ್ಚಿಗೆ ಕರೆದಾಗ ಹೋಗದಿರುವುದು, ಸಂದರ್ಶನವಾದ ಮೇಲೆ ಇನ್ನಷ್ಟು ದಾಖಲೆ ಕೊಡಲು ಸಮಯ ಕೇಳುವುದು, ಮನೆ ಬದಲಿಸಿ ಪ್ರಕರಣವನ್ನು ಬೇರೆ ಅಸೈಲಮ್ ಆಫೀಸಿಗೆ ವರ್ಗಾಯಿಸಿಕೊಳ್ಳುವುದು, ಇವೆಲ್ಲ ನಿಮ್ಮ ಖಾತೆಗೇ ಬೀಳುತ್ತವೆ.

ಕನ್ನಡದಲ್ಲಿ ಮಾತ್ರ ನೆಮ್ಮದಿಯಾಗಿ ಹೇಳಿಕೊಳ್ಳಬಲ್ಲವರು ಇನ್ನೊಂದು ವಿಷಯ ತಿಳಿದಿರಬೇಕು. ಅಸೈಲಮ್ ಆಫೀಸಿನ ಸಂದರ್ಶನಕ್ಕೆ ದುಭಾಷಿಯನ್ನು ನೀವೇ ಕರೆದೊಯ್ಯಬೇಕು. ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ವಿನಾಯಿತಿ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ದುಭಾಷಿ ಇಲ್ಲದೆ ಹೋದರೆ ಸಂದರ್ಶನ ರದ್ದಾಗಬಹುದು, ಗಡಿಯಾರವೂ ನಿಲ್ಲುತ್ತದೆ. ಬರುವವರಿಗೆ 18 ವರ್ಷ ತುಂಬಿರಬೇಕು, ಇಂಗ್ಲಿಷ್ ಮತ್ತು ಕನ್ನಡ ಎರಡೂ ಸಲೀಸಾಗಿ ಬರಬೇಕು. ನಿಮ್ಮ ವಕೀಲರು, ನಿಮ್ಮ ಸಾಕ್ಷಿ, ಭಾರತ ಸರ್ಕಾರದ ಪ್ರತಿನಿಧಿ, ಇನ್ನೂ ಸಂದರ್ಶನವಾಗದ ಬೇರೊಬ್ಬ ಅಸೈಲಮ್ ಅರ್ಜಿದಾರರು, ಇವರು ಯಾರೂ ಆಗುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಪರಿಚಯದವರೆಂದು ಯಾರನ್ನೋ ಕರೆದೊಯ್ದು, ಅವರಿಗೆ ‘ಜಾಮೀನು’, ‘ದೂರು’, ‘ಹಲ್ಲೆ’ ಇಂಥ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದೆ ಹೋದರೆ ಪ್ರಕರಣವೇ ಸೊರಗುತ್ತದೆ. ಮೊದಲೇ ಒಮ್ಮೆ ಕೂತು ನಿಮ್ಮ ಹೇಳಿಕೆಯನ್ನು ಅವರಿಂದ ಇಂಗ್ಲಿಷಿನಲ್ಲಿ ಹೇಳಿಸಿ ನೋಡಿ. ಇಮಿಗ್ರೇಶನ್ ಕೋರ್ಟಿನಲ್ಲಿ ಹಾಗಲ್ಲ, ಅಲ್ಲಿ ದುಭಾಷಿಯನ್ನು ಕೋರ್ಟೇ ತನ್ನ ಖರ್ಚಿನಲ್ಲಿ ಒದಗಿಸುತ್ತದೆ. ನಿಮ್ಮ ಭಾಷೆ ಕನ್ನಡ ಎಂದು ಮೊದಲ ದಿನವೇ ದಾಖಲೆಗೆ ಸೇರಿಸಿ. ಭಾರತದವರೆಂದ ಕೂಡಲೇ ಹಿಂದಿ ದುಭಾಷಿ ಸಾಕೆಂದು ಅವರು ತಿಳಿದುಕೊಳ್ಳಬಾರದು.

ಕೋರ್ಟಿನಲ್ಲಿ ಲೆಕ್ಕ ಕೆಡುವ ಬಗೆ ಬೇರೆ. ಪ್ರತಿ ಬಾರಿ ವಿಚಾರಣೆ ಮುಂದಕ್ಕೆ ಹೋದಾಗಲೂ ಯಾರ ಕಾರಣಕ್ಕೆ ಹೋಯಿತು ಎಂದು ಒಂದು ಸಂಕೇತ ದಾಖಲಾಗುತ್ತದೆ. ‘ವಕೀಲರನ್ನು ಹುಡುಕಲು ಸಮಯ ಬೇಕು’, ‘ತಯಾರಿಗೆ ಸಮಯ ಬೇಕು’ ಎಂದರೆ ಗಡಿಯಾರ ನಿಲ್ಲುತ್ತದೆ. ಕೋರ್ಟ್ ಕೊಡುವ ಹತ್ತಿರದ ದಿನಾಂಕವನ್ನು ಒಪ್ಪದೆ ಮುಂದಿನದು ಕೇಳಿದರೂ ಅಷ್ಟೇ. ಹಾಗೆ ನಿಂತದ್ದು ಸಾಮಾನ್ಯವಾಗಿ ಮುಂದಿನ ವಿಚಾರಣೆಯ ತನಕ ಮತ್ತೆ ಓಡುವುದಿಲ್ಲ, ಆ ವಿಚಾರಣೆ ಎಷ್ಟೋ ತಿಂಗಳು ಆಚೆಗಿರಬಹುದು. ನಿಜಕ್ಕೂ ಸಮಯ ಬೇಕಿದ್ದರೆ ಕೇಳಲೇಬೇಕು. ವರ್ಕ್ ಪರ್ಮಿಟ್‌ಗಾಗಿ ಮುಖ್ಯ ಪ್ರಕರಣವನ್ನು ಹಾಳುಮಾಡಿಕೊಳ್ಳುವುದು ಜಾಣತನವಲ್ಲ. ಆದರೆ ವಕೀಲರು ತಮ್ಮ ಅನುಕೂಲಕ್ಕೆ ದಿನ ಮುಂದೂಡಿಸುವ ಮುನ್ನ ‘ಇದರಿಂದ ಕ್ಲಾಕ್ ನಿಲ್ಲುತ್ತದೆಯೇ’ ಎಂದು ಕೇಳುವುದು ನಿಮ್ಮ ಹಕ್ಕು. ವಿಚಾರಣೆ ಮುಗಿಯುವ ಮೊದಲೇ ಯಾವ ಕಾರಣ ದಾಖಲಾಯಿತೆಂದು ನ್ಯಾಯಾಧೀಶರನ್ನು ಕೇಳಿಸಿ. ತಪ್ಪಾಗಿ ದಾಖಲಾಗಿದ್ದರೆ ಅಲ್ಲೇ ಸರಿಪಡಿಸುವುದು ಸುಲಭ. ಆಮೇಲೆ ಗೊತ್ತಾದರೆ ಕೋರ್ಟಿನ ಆಡಳಿತಾಧಿಕಾರಿಗೆ ಲಿಖಿತವಾಗಿ ಕೊಡಬೇಕು.

ಕೋರ್ಟಿನ ಪ್ರಕರಣದ ಸ್ಥಿತಿಯನ್ನು 1-800-898-7180 ಎಂಬ ಸರ್ಕಾರಿ ಸಂಖ್ಯೆಗೆ ಕರೆ ಮಾಡಿ, ನಿಮ್ಮ ಎ-ನಂಬರ್ (ವಲಸೆ ಕಡತದ ಸಂಖ್ಯೆ) ಒತ್ತಿ ಕೇಳಬಹುದು. ಯುಎಸ್‌ಸಿಐಎಸ್ ಮುಂದಿರುವ ಅರ್ಜಿಗೆ ಅವರ ಜಾಲತಾಣದ ಕೇಸ್ ಸ್ಟೇಟಸ್ ಪುಟ ನೋಡಿ. ತಿಂಗಳಿಗೊಮ್ಮೆ ಪರೀಕ್ಷಿಸಿ, ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಐ-765 ತುಂಬುವಾಗ

ಆನ್‌ಲೈನ್‌ನಲ್ಲೂ ಹಾಕಬಹುದು, ಕಾಗದದಲ್ಲೂ ಹಾಕಬಹುದು. ಕಾಗದದಲ್ಲಾದರೆ ನಮೂನೆಯ ಪ್ರತಿ ಪುಟದ ಕೆಳಗೆ ಆವೃತ್ತಿಯ ತಾರೀಖು ಇರುತ್ತದೆ. ಅದು ಜಾಲತಾಣದಲ್ಲಿ ಈಗ ಚಾಲ್ತಿಯಲ್ಲಿರುವುದೇ ಆಗಿರಬೇಕು, ಎಲ್ಲ ಪುಟಗಳೂ ಒಂದೇ ಆವೃತ್ತಿಯವಾಗಿರಬೇಕು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹಳೆಯ ಪಿಡಿಎಫ್ ತುಂಬಿ ಕಳಿಸಿದರೆ ಪೂರ್ತಿ ಕಟ್ಟು ಹಾಗೇ ಹಿಂದಕ್ಕೆ ಬರುತ್ತದೆ. ಸಹಿಯನ್ನು ಕೈಯಲ್ಲೇ ಹಾಕಬೇಕು, ಟೈಪ್ ಮಾಡಿದ ಹೆಸರು ಸಹಿಯಾಗುವುದಿಲ್ಲ.

ಎರಡನೇ ಭಾಗದ 27ನೇ ಪ್ರಶ್ನೆ ಅರ್ಹತಾ ವರ್ಗದ್ದು. ಬಾಕಿ ಇರುವ ಅಸೈಲಮ್ ಅರ್ಜಿದಾರರ ವರ್ಗ ಸಿ-8. ಮೊದಲ ಆವರಣದಲ್ಲಿ ಸಿ ಅಕ್ಷರ, ಎರಡನೆಯದರಲ್ಲಿ 8, ಮೂರನೆಯದು ಖಾಲಿ. ಅಸೈಲಮ್ ಸಿಕ್ಕಿಬಿಟ್ಟವರದು ಎ-5. ಎರಡನ್ನೂ ಅದಲು ಬದಲು ಮಾಡಬೇಡಿ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬೇಕೇ, ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆಯೇ ಎಂಬ ಎರಡೂ ಪ್ರಶ್ನೆಗೆ ಹೌದು ಎಂದರೆ ಆ ಕಾರ್ಡ್ ಕಚೇರಿ ಅಲೆಯದೆ ಅಂಚೆಯಲ್ಲೇ ಬರಬಹುದು. ಬಂಧನ, ಶಿಕ್ಷೆಯ ಬಗ್ಗೆ ಕೇಳಿದ್ದನ್ನು ಮುಚ್ಚಿಡಬೇಡಿ. ಪ್ರಕರಣ ವಜಾ ಆಗಿದ್ದರೂ ಕೋರ್ಟಿನ ದೃಢೀಕೃತ ಪ್ರತಿ ಲಗತ್ತಿಸಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಗೋಜಲು ಹೆಚ್ಚು. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಮಾತ್ರ ಇರುತ್ತವೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಂಥವರ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗಿರುತ್ತದೆ. ಐ-589ರಲ್ಲಿ ಒಂದು ರೀತಿ, ಐ-765ರಲ್ಲಿ ಇನ್ನೊಂದು ರೀತಿ ಬರೆದರೆ ಕಡತಗಳು ಹೊಂದುವುದಿಲ್ಲ. ಐ-589ರಲ್ಲಿ ಹೇಗೆ ಹಾಕಿದ್ದೀರೋ ಹಾಗೆಯೇ ಹಾಕಿ, ಉಳಿದ ರೂಪಗಳನ್ನೆಲ್ಲ ‘ಬಳಸಿದ ಇತರ ಹೆಸರು’ಗಳಲ್ಲಿ ಕೊಡಿ.

ಜೊತೆಗೆ ಇಡಬೇಕಾದವು ಹೆಚ್ಚಿಲ್ಲ: ಐ-589 ಸ್ವೀಕಾರದ ರಸೀದಿ, ಕೋರ್ಟಿನಲ್ಲಿ ಹಾಕಿದ್ದರೆ ಅಲ್ಲಿ ಸಲ್ಲಿಸಿದ್ದಕ್ಕೆ ಪುರಾವೆ, ಪಾಸ್‌ಪೋರ್ಟ್ ಅಥವಾ ಬೇರೆ ಗುರುತಿನ ಪ್ರತಿ, ಇದ್ದರೆ ಐ-94 (ದೇಶಕ್ಕೆ ಬಂದ ದಾಖಲೆ), ಕಾಗದದ ಅರ್ಜಿಗೆ ನಮೂನೆಯ ಸೂಚನೆಯಲ್ಲಿ ಕೇಳಿದ್ದರೆ 2 ಇಂಚು ಚೌಕದ ಎರಡು ಫೋಟೋ. ಕನ್ನಡದಲ್ಲಿರುವ ಯಾವುದೇ ದಾಖಲೆ ಕೊಟ್ಟರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ಸರಿಯಾಗಿದೆ ಎಂದು ಅನುವಾದಕರು ಸಹಿ ಮಾಡಿದ ಹೇಳಿಕೆ ಅದರ ಜೊತೆಗಿರಬೇಕು. ಮೊಹರು, ಅಂಚಿನಲ್ಲಿ ಕೈಯಲ್ಲಿ ಬರೆದದ್ದು, ಎಲ್ಲವೂ ಅನುವಾದದಲ್ಲಿ ಬರಬೇಕು.

ಐ-589ರಲ್ಲಿ ಸೇರಿಸಿದ ಗಂಡ, ಹೆಂಡತಿ, ಮಕ್ಕಳು ತಮ್ಮ ತಮ್ಮ ಐ-765ನ್ನು ಬೇರೆ ಬೇರೆಯಾಗಿ ಹಾಕಬೇಕು, ಶುಲ್ಕವೂ ಬೇರೆ ಬೇರೆ.

ಶುಲ್ಕ

ಹಿಂದೆ ಸಿ-8ರ ಮೊದಲ ಅರ್ಜಿಗೆ ದುಡ್ಡಿರಲಿಲ್ಲ. 2025ರ ಜುಲೈ 4ರಂದು ಬಂದ ಕಾನೂನು ಅದಕ್ಕೆ 550 ಡಾಲರ್ ಶುಲ್ಕ ಹೇರಿತು. 2026ರ ಜನವರಿ 1ರಿಂದ ಅದು 560. ಬಡತನದ ಆಧಾರದ ಮೇಲೆ ಈ ಶುಲ್ಕಕ್ಕೆ ವಿನಾಯಿತಿ ಇಲ್ಲ. ದುಡಿಯಲು ಅನುಮತಿಯೇ ಇಲ್ಲದವರಿಂದ ಇಷ್ಟು ಕೇಳುವುದು ಕಠೋರವೇ, ಆದರೆ ನಿಯಮ ಹಾಗಿದೆ. ಮೊದಲ ದಿನದಿಂದಲೇ ಇದಕ್ಕೆಂದು ಎತ್ತಿಡುವುದು ಒಳ್ಳೆಯದು. ಐ-589ಕ್ಕೂ 100 ಡಾಲರ್ ಶುಲ್ಕ ಬಂದಿದೆ, ಅರ್ಜಿ ಬಾಕಿ ಇರುವ ಪ್ರತಿ ವರ್ಷಕ್ಕೂ ಇನ್ನೊಂದು ಶುಲ್ಕವನ್ನು ಅದೇ ಕಾನೂನು ಹೇಳಿದೆ. ಅದರ ನೋಟಿಸ್ ಬಂದಿದೆಯೇ ಎಂದು ಆನ್‌ಲೈನ್ ಖಾತೆ ನೋಡುತ್ತಿರಿ. ಹಣವನ್ನು ಸರ್ಕಾರಿ ಜಾಲತಾಣದಲ್ಲಿ ಮಾತ್ರ ಕಟ್ಟಿ, ಫೋನ್ ಮಾಡಿ ಕೇಳಿದವರಿಗೆ ಕೊಡಬೇಡಿ. ಮೊತ್ತ ವರ್ಷ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ದಿನವೇ ಜಿ-1055 ಎಂಬ ಶುಲ್ಕ ಪಟ್ಟಿ ತೆರೆದು ನೋಡಿ. 2025ರ ಅಕ್ಟೋಬರ್ 28ರ ನಂತರ ಕಾಗದದ ಅರ್ಜಿಗೆ ಚೆಕ್, ಮನಿ ಆರ್ಡರ್ ಸಾಮಾನ್ಯವಾಗಿ ನಡೆಯುವುದಿಲ್ಲ. ಕಾರ್ಡಿನಿಂದ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ತುಂಬಿ ಮೇಲೆ ಇಡಬೇಕು.

ವಿಳಾಸ

ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ನಮೂನೆ ಮೂಲಕ ಯುಎಸ್‌ಸಿಐಎಸ್‌ಗೆ ತಿಳಿಸಬೇಕು. ಕೋರ್ಟಿನಲ್ಲಿ ಪ್ರಕರಣವಿದ್ದರೆ 5 ಕೆಲಸದ ದಿನಗಳೊಳಗೆ ಕೋರ್ಟಿನ ನಮೂನೆ ಇಒಐಆರ್-33 ಕೂಡ ಕೊಡಬೇಕು. ಒಂದು ಕೊಟ್ಟರೆ ಇನ್ನೊಂದಕ್ಕೆ ಸುದ್ದಿ ಹೋಗುವುದಿಲ್ಲ. ನಾಲ್ಕಾರು ಜನ ಹಂಚಿಕೊಂಡ ಅಪಾರ್ಟ್‌ಮೆಂಟಿನಲ್ಲಿದ್ದರೆ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಮನೆ ಬೇರೆಯವರ ಹೆಸರಿನಲ್ಲಿದ್ದರೆ ನಮೂನೆಯ ಕೇರ್ ಆಫ್ ಜಾಗದಲ್ಲಿ ಅವರ ಹೆಸರು ಹಾಕಿ. ತಿಂಗಳುಗಟ್ಟಲೆ ಕಾದ ಕಾರ್ಡ್ ಹೆಸರು ಸಿಗದೆ ವಾಪಸ್ ಹೋಗುವುದು ಅಪರೂಪವೇನಲ್ಲ.

ಕಾರ್ಡ್ ಬಂದ ಮೇಲೆ

ಹೆಸರು, ಹುಟ್ಟಿದ ದಿನಾಂಕ, ವರ್ಗ ಸಿ-08 ಸರಿಯಾಗಿವೆಯೇ ಎಂದು ಅಂದೇ ನೋಡಿ. ಕೆಲಸಕ್ಕೆ ಸೇರುವಾಗ ತುಂಬುವ ಐ-9 ನಮೂನೆಗೆ ಈ ಕಾರ್ಡ್ ಒಂದೇ ಸಾಕು, ಅದು ಗುರುತು ಮತ್ತು ಕೆಲಸದ ಹಕ್ಕು ಎರಡನ್ನೂ ತೋರಿಸುವ ಎ ಪಟ್ಟಿಯ ದಾಖಲೆ. ಇನ್ನೊಂದು ದಾಖಲೆ ಬೇಕೇ ಬೇಕು ಎಂದು ಮಾಲೀಕರು ಒತ್ತಾಯಿಸುವಂತಿಲ್ಲ. ಈ ಕಾರ್ಡ್ ಹಿಡಿದು ದೇಶದ ಹೊರಗೆ ಹೋಗಿ ಬರಲಾಗದು. ಎಚ್-1ಬಿ ಕೆಲಸದ ವೀಸಾ ಮೇಲಿದ್ದವರು ಈ ಕಾರ್ಡ್ ಬಳಸಿ ಬೇರೆ ಕಡೆ ದುಡಿದರೆ ಎಚ್-1ಬಿ ಸ್ಥಿತಿ ಹೋಗುತ್ತದೆ, ಆಮೇಲೆ ಕೈಯಲ್ಲಿ ಉಳಿಯುವುದು ಬಾಕಿ ಇರುವ ಅಸೈಲಮ್ ಮಾತ್ರ. ಆ ಹೆಜ್ಜೆ ಇಡುವ ಮುನ್ನ ವಕೀಲರನ್ನು ಕೇಳಲೇಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಉಚಿತವಾಗಿ ನೆರವಾಗುವವರ ಪಟ್ಟಿ ಇಮಿಗ್ರೇಶನ್ ಕೋರ್ಟ್‌ಗಳಲ್ಲಿ ಸಿಗುತ್ತದೆ.

ನವೀಕರಣದ ನಿಯಮ ಈಚೆಗೆ ಬಿಗಿಯಾಗಿದೆ. ಮೊದಲು ಐದು ವರ್ಷದ ಕಾರ್ಡ್ ಕೊಡುತ್ತಿದ್ದರು. 2025ರ ಡಿಸೆಂಬರ್ 5ರಿಂದ ಗರಿಷ್ಠ 18 ತಿಂಗಳು. ನವೀಕರಣಕ್ಕೆ ಹಾಕಿದ ರಸೀದಿ ತೋರಿಸಿ 540 ದಿನ ಕೆಲಸ ಮುಂದುವರಿಸುವ ಸೌಲಭ್ಯವೂ 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಇಲ್ಲ. ಅಂದರೆ ಹೊಸ ಕಾರ್ಡ್ ಕೈಗೆ ಬರುವ ಮೊದಲೇ ಹಳೆಯದರ ಅವಧಿ ಮುಗಿದರೆ ಮಾರನೇ ದಿನದಿಂದ ಕೆಲಸ ನಿಲ್ಲಿಸಬೇಕು. ಅವಧಿ ಮುಗಿಯುವ 180 ದಿನ ಮುಂಚಿನಿಂದ ಅರ್ಜಿ ಹಾಕಲು ಅವಕಾಶವಿದೆ. ಆ 180ನೇ ದಿನವನ್ನು ಕಾರ್ಡ್ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ವಾರವೇ ಅರ್ಜಿ ಕಳಿಸಿ.