ಶಿರಾಡಿ ಘಾಟಿ ಹತ್ತಿದ ಬೋಟು

ಅವ್ವನಿಗೆ ಮಂಡಿ ನೋವು. ಮಕ್ಕಳು ತೋಟದ ಕೆರೆಯಲ್ಲಿ ಹರಿಗೋಲು ಹಾಕಿ ಸುತ್ತುವಾಗ ಅವಳು ದಂಡೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಒಂದು ಸಂಜೆ, "ಈ ಕುರ್ಚಿ ಸಮೇತ ನನ್ನೂ ನೀರ ಮೇಲೆ ಕರ್ಕೊಂಡು ಹೋಗಂಗಿದ್ರೆ ಬರ್ತೀನಿ ಕಣೋ" ಅಂದಳು. ಸುಮ್ನೆ ಅಂದ ಮಾತು. ನನ್ನ ತಲೆಯಲ್ಲಿ ಮಾತ್ರ ಕೂತುಬಿಟ್ಟಿತು.

ನಮ್ಮ ತೋಟ ಸಕಲೇಶಪುರದ ಹತ್ತಿರ. ಕೆರೆ ನಾಲ್ಕು ಎಕರೆ, ಮಳೆಗಾಲ ಮುಗಿದಾಗ ನಡುವೆ ಇಪ್ಪತ್ತು ಅಡಿ ನೀರು. ಹರಿಗೋಲಿಗೆ ಕಾಲಿಟ್ಟರೆ ಅದು ಗಿರಗಿರ ತಿರುಗುತ್ತದೆ. ಫೈಬರ್ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ಎಪ್ಪತ್ತೈದು ದಾಟಿದವರು ಮಂಡಿ ಮಡಿಸದೆ, ಜಗಲಿ ಮೇಲೆ ನಡೆದ ಹಾಗೆ ನಡೆದು ಹೋಗಿ ಕುರ್ಚಿಯಲ್ಲಿ ಕೂರಬೇಕು ಅಂದರೆ ಪಾಂಟೂನ್ ಬೋಟೇ ಸರಿ. ಎರಡೂ ತುದಿ ಮುಚ್ಚಿದ ಎರಡು ದಪ್ಪ ಅಲ್ಯೂಮಿನಿಯಂ ಕೊಳವೆ, ಅವುಗಳ ಮೇಲೆ ಅಡ್ಡ ತೊಲೆ, ತೊಲೆಯ ಮೇಲೆ ಪ್ಲೈವುಡ್ ನೆಲ. ಮಿಲಿಟರಿಯವರು ಹೊಳೆ ದಾಟಲು ಹಾಕುವ ತೇಲುಸೇತುವೆಯದೂ ಇದೇ ಉಪಾಯ. ಹೊಸದರ ಬೆಲೆ ಕೇಳಿ ಫೋನ್ ಇಟ್ಟೆ. ಹಾಗಾಗಿ ಹಳೇದು ಹುಡುಕಿದೆ.

ಉಡುಪಿ ಕಡೆ, ಹೊಳೆ ಸಮುದ್ರ ಸೇರುವ ಜಾಗದ ಒಂದು ರೆಸಾರ್ಟಿನಲ್ಲಿ ಒಂದಿದೆ ಅಂತ ಗೊತ್ತಾಯಿತು. ಹದಿನೆಂಟು ಅಡಿ ಉದ್ದ, ಎಂಟು ಅಡಿ ಅಗಲ, 40 ಎಚ್‌ಪಿ ಎಂಜಿನ್. ಐದೂವರೆ ಲಕ್ಷ ಹೇಳಿದರು. ಸೆಪ್ಟೆಂಬರ್ ಕೊನೆ, ತೋಟದಲ್ಲಿ ಸ್ವಲ್ಪ ಬಿಡುವು. ಊರಿನ ಪಂಪ್‌ಸೆಟ್ ಮೆಕ್ಯಾನಿಕ್‌ನನ್ನು ಜೀಪಿಗೆ ಹತ್ತಿಸಿಕೊಂಡು ಘಾಟಿ ಇಳಿದೆ. ಅವನೂ ಬೋಟ್ ಮುಟ್ಟಿದವನಲ್ಲ. ಆದರೆ ಎಂಜಿನ್ ಎಲ್ಲಿದ್ದರೂ ಎಂಜಿನ್ನೇ, ಅಲ್ವಾ?

ಬೋಟನ್ನು ತೊಳೆದು ಒರೆಸಿ ದಡದ ಮೇಲೆ ಏರಿಸಿಟ್ಟಿದ್ದರು. ಕೆಂಪು ಸೀಟು, ಹೊಸ ಕಾರ್ಪೆಟ್, ಮೇಲೆ ಬಿಳಿ ಚಪ್ಪರ. ಮಾರುವವರು ಒಳ್ಳೆ ಮಾತುಗಾರರು. "ಎಂಥದ್ದೂ ಪ್ರಾಬ್ಲಮ್ ಇಲ್ಲ ಮಾರಾಯ್ರೆ, ಫಸ್ಟ್ ಕ್ಲಾಸ್ ಉಂಟು" ಅಂದರು. ನನಗೆ ಸೀಟು ಬೇಕಾಗಿರಲಿಲ್ಲ. ಸೀಟು ಹರಿದರೆ ಹಾಸನದಲ್ಲಿ ಎರಡು ದಿನಕ್ಕೆ ಹೊಲಿದು ಕೊಡುತ್ತಾರೆ. ಕೊಳವೆ ಹೋದರೆ ಬೋಟೇ ಹೋಯಿತು. ಮನೆಯಿಂದ ತಂದಿದ್ದ ಗೊಬ್ಬರದ ಚೀಲ ಹಾಸಿ ಅಂಗಾತ ಮಲಗಿ ಅಡಿಗೆ ತೂರಿಕೊಂಡೆ.

ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ಗೆರೆ. ಬಹಳ ದಿನ ನೀರಲ್ಲಿ ನಿಂತ ಕೊಳವೆಯ ಮೇಲೆ ಪಾಚಿಯದೊಂದು ಕಲೆ ಉಳಿಯುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬಲಗಡೆ ಕೊಳವೆಯಲ್ಲಿ ಅದು ನಡುಮಧ್ಯದ ಹತ್ತಿರವಿತ್ತು. ಎಡಗಡೆ ಹಿಂದಿನ ಭಾಗದಲ್ಲಿ ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಅಂದರೆ ಬೋಟು ನೀರಲ್ಲಿದ್ದಾಗ ಎಡ ಹಿಂಭಾಗ ತಗ್ಗಿ ನಿಲ್ಲುತ್ತಿತ್ತು. ಯಾಕೆ? ಒಳಗೆ ನೀರು ಸೇರಿದ್ದರಿಂದ. ಬೆರಳ ಗಂಟಿನಿಂದ ಕುಟ್ಟಿ ನೋಡಿದೆ. ಮುಂದೆ ಖಾಲಿ ಡ್ರಮ್ಮಿನ ಸದ್ದು, ಹಿಂದೆ ಹೋದಂತೆ ಹಲಸಿನಕಾಯಿ ತಟ್ಟಿದ ಹಾಗೆ ಮಂದ. ಡ್ರೈನ್ ಪ್ಲಗ್ ಬಿಚ್ಚಿಸಿದೆ. ಎರಡು ಬಕೆಟ್ ತುಂಬಿ ಮೂರನೆಯದಕ್ಕೂ ನೀರು ಸುರಿಯಿತು. ಮಾರುವವರು ಸಮುದ್ರದ ಕಡೆ ನೋಡುತ್ತಾ ನಿಂತರು.

ಅಷ್ಟಕ್ಕೇ ಬೋಟ್ ಬೇಡ ಅನ್ನಬೇಕಾಗಿಲ್ಲ. ಒಳ್ಳೆ ಪಾಂಟೂನ್ ಕೊಳವೆಯ ಒಳಗೆ ಅಡ್ಡ ತಡೆಗಳಿರುತ್ತವೆ, ಇದರಲ್ಲಿ ಒಂದೊಂದಕ್ಕೂ ಮೂರು ಕೋಣೆ. ಒಂದು ತೂತಾದರೂ ಉಳಿದವು ತೇಲಿಸುತ್ತವೆ. ತೂತು ಎಲ್ಲಿದೆ ಅಂತ ಹುಡುಕಲು ನಾವು ಮಾಡಿದ್ದು ಪಂಕ್ಚರ್ ಅಂಗಡಿಯ ಕೆಲಸ. ರಬ್ಬರ್ ಬಿರಡೆಗೆ ಟ್ಯೂಬಿನ ವಾಲ್ವ್ ಸಿಕ್ಕಿಸಿ ಪ್ಲಗ್ಗಿನ ತೂತಿಗೆ ಒತ್ತಿದೆವು. ಸೈಕಲ್ ಪಂಪಿನಿಂದ ಗಾಳಿ ಹಾಕಿದೆವು. ಮೀಟರ್ 2 ಪಿಎಸ್‌ಐ ದಾಟಲು ಬಿಡಲಿಲ್ಲ. ಕೊಳವೆಯ ತಗಡು ತೆಳು. ಕಂಪ್ರೆಸರ್ ಹಚ್ಚಿ ಟೈರಿಗೆ ಹಾಕಿದ ಹಾಗೆ ಹಾಕಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಸೋಪಿನ ಪುಡಿ ಕಲಸಿದ ನೀರನ್ನು ಪೇಂಟ್ ಬ್ರಷ್‌ನಲ್ಲಿ ಬೆಸುಗೆ ಉದ್ದಕ್ಕೂ ಬಳಿಯುತ್ತಾ ಹೋದೆ. ಎಂಜಿನ್ ಕೂರುವ ಪಟ್ಟಿಯ ಕೆಳಗೆ, ಬೆಸುಗೆ ಮೂಲೆಯಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಕೂದಲೆಳೆಯಷ್ಟು ಬಿರುಕು, ಎರಡು ಇಂಚು ಉದ್ದ. ಬರೀ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಕೊಳವೆಯ ಹೊಟ್ಟೆಯಲ್ಲಿ ಮೂರ್ನಾಲ್ಕು ಕಡೆ ತಗ್ಗು ಬಿದ್ದಿತ್ತು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಲ್ಲಿಗೆ ತಾಗಿದರೆ ತಗ್ಗುತ್ತದೆ, ತಗ್ಗಿದ್ದೆಲ್ಲ ಸೋರುವುದಿಲ್ಲ. ಹೆದರಬೇಕಾದದ್ದು ಉಪ್ಪುನೀರಿಗೆ. ಅಲ್ಯೂಮಿನಿಯಂ ಮತ್ತು ಸ್ಟೀಲಿನಂಥ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ಕೂತರೆ ಅದೊಂದು ಬ್ಯಾಟರಿಯೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಅದಕ್ಕೇ ಇಂಥ ಬೋಟಿಗೆ ಬೇಗ ಸವೆಯುವ ಸತುವಿನ ಒಂದು ಗಟ್ಟಿ ಕಟ್ಟುತ್ತಾರೆ. ತಿಂದರೆ ಅದನ್ನು ತಿನ್ನಲಿ ಅಂತ. ಈ ಬೋಟಿನಲ್ಲಿ ಆ ಗಟ್ಟಿ ಗೋಲಿಯಷ್ಟಾಗಿತ್ತು, ಬದಲಿಸಿ ಕಾಲವಾಗಿತ್ತು. ಬೋಲ್ಟುಗಳ ಸುತ್ತ ಬಿಳಿ ಪುಡಿ ಕೂತಿತ್ತು. ಕೆರೆದರೆ ಕೆಳಗೆ ಸಣ್ಣ ಸಣ್ಣ ಕುಳಿ. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದೆ, ಎಲ್ಲೂ ಒಳಗೆ ಹೋಗಲಿಲ್ಲ. ಬಣ್ಣ ಯಾವುದು ಅಂತಲೂ ಕೇಳಿದೆ. ಪಾಚಿ ಹಿಡಿಯದಿರಲಿ ಅಂತ ಕೆಲವರು ತಾಮ್ರ ಸೇರಿದ ಬಣ್ಣ ಬಳಿಯುತ್ತಾರೆ, ಅಲ್ಯೂಮಿನಿಯಂಗೆ ಅದು ವಿಷ. ಪುಣ್ಯಕ್ಕೆ ಇದಕ್ಕೆ ಬಣ್ಣವೇ ಇರಲಿಲ್ಲ.

ಕಾರ್ಪೆಟ್ ಹೊಸದು ಅಂತ ಆಗಲೇ ಹೇಳಿದೆ. ಹಳೇ ಬೋಟಿಗೆ ಹೊಸ ಕಾರ್ಪೆಟ್ ಹಾಕಿದ್ದಾರೆ ಅಂದರೆ ನೆಲದ ಮೇಲೆ ಹಿಮ್ಮಡಿ ಊರಿ ನಡೆಯಬೇಕು. ಹತ್ತುವ ಬಾಗಿಲ ಹತ್ತಿರ ನೆಲ ಹಳೇ ಹಾಸಿಗೆಯ ಹಾಗೆ ತಗ್ಗಿತು. ಅಡಿಯಿಂದ ಚುಚ್ಚಿದರೆ ಪ್ಲೈವುಡ್ ನೆನೆದ ರೊಟ್ಟಿಯಂತೆ ಪದರ ಪದರವಾಗಿ ಬಂತು. ಮೇಲೆ ಥಳಕು, ಒಳಗೆ ಹುಳುಕು.

ಎಂಜಿನ್ ಮೆಕ್ಯಾನಿಕ್‌ನ ಪಾಲು. ಅವನು ಮೊದಲು ಮುಚ್ಚಳ ತೆಗೆದು ಅಂಗೈ ಇಟ್ಟ. ಬಿಸಿ ಇತ್ತು! ನಾವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದರು. "ಅಣ್ಣ, ಊಟ ಮಾಡ್ಕೊಂಡು ಬರೋಣ, ಇದು ತಣ್ಣಗಾಗ್ಲಿ" ಅಂದ. ಊಟ ಮುಗಿಸಿ ಬಂದು ಹಗ್ಗ ಎಳೆದರೆ ಹದಿನಾಲ್ಕು ಸಲ ಎಳೆಯಬೇಕಾಯಿತು. ಎರಡು ಸಿಲಿಂಡರ್. ಒತ್ತಡ ಅಳೆದಾಗ ಒಂದರಲ್ಲಿ 118 ಪಿಎಸ್‌ಐ, ಇನ್ನೊಂದರಲ್ಲಿ 90. ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಳಗೆ ಸವೆದಿದೆ ಅಂತಲೇ ಲೆಕ್ಕ. ಆಮೇಲೆ ನೀರು ತಳ್ಳುವ ಫ್ಯಾನನ್ನು ತಿರುಗಿಸುವ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದ. ಆಯಿಲ್ ಕಪ್ಪಗೆ ಬಂದಿದ್ದರೂ ಅಡ್ಡಿಯಿರಲಿಲ್ಲ. ಅದು ಬಂದದ್ದು ಥೇಟ್ ನಮ್ಮ ಮನೆಯ ಫಿಲ್ಟರ್ ಕಾಫಿಯ ಬಣ್ಣದಲ್ಲಿ. ಸೀಲ್ ಹೋಗಿ ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದೆ. ಕಾಫಿ ಬೆಳೆಗಾರನಿಗೆ ಆ ಬಣ್ಣ ನೋಡಿ ಬೇಜಾರಾದದ್ದು ಅದೊಂದೇ ಸಲ.

ನಿಜ ಹೇಳಬೇಕೆಂದರೆ ಆ ಎಂಜಿನ್ ನನಗೆ ಬೇಕಾಗಿರಲೇ ಇಲ್ಲ. ನಾಲ್ಕು ಎಕರೆ ಕೆರೆಗೆ 40 ಎಚ್‌ಪಿ ಯಾಕೆ? ಅದೇ ನೀರು ಗಿಡಕ್ಕೂ ಹೋಗಬೇಕು, ಪೆಟ್ರೋಲ್ ಸೋರಿಸುವುದು ಬೇಡ. ಆದರೆ ಈ ಗುಟ್ಟನ್ನು ಚೌಕಾಸಿ ಮುಗಿಯುವವರೆಗೆ ಹೊಟ್ಟೆಯಲ್ಲೇ ಇಟ್ಟುಕೊಂಡೆ. ಬಿರುಕು, ನೆಲ, ಎಂಜಿನ್ ಮೂರನ್ನೂ ಮುಂದಿಟ್ಟು ಸಂಜೆವರೆಗೆ ಎಳೆದಾಡಿದೆವು. ಎಂಜಿನ್ ಅವರಿಗೇ ಬಿಟ್ಟು ಎರಡು ಲಕ್ಷ ಹತ್ತು ಸಾವಿರಕ್ಕೆ ಮುಗಿಯಿತು.

ಕಾಗದಪತ್ರ ಕೇಳಲು ಮರೆಯಬೇಡಿ. 1917ರ ಹಳೇ ಕಾಯ್ದೆಯ ಬದಲು ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಎಂಜಿನ್ ಹಾಕಿ ಹೊಳೆ, ಜಲಾಶಯಕ್ಕೆ ಇಳಿಸುವ ಬೋಟಿಗೆ ನೋಂದಣಿ, ತಪಾಸಣೆ ಎಲ್ಲ ಬೇಕು. ನಾನು ಮೂಲ ಬಿಲ್ಲು, ಹಳೇ ನೋಂದಣಿ ಪತ್ರ, ಮಾರಾಟದ ಕರಾರು ಮೂರನ್ನೂ ತೆಗೆದುಕೊಂಡೆ. ಮಗಳಿಗೆ ಒಂದು ಆಸೆ ಇತ್ತು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು ನಮ್ಮದೇ ಬೋಟಲ್ಲಿ ಸುತ್ತಬೇಕು ಅಂತ. ಅದು ಕಾವೇರಿ ನೀರಾವರಿ ನಿಗಮದ ಜಲಾಶಯ, ನಮ್ಮ ಕೆರೆ ಅಲ್ಲ. ಅನುಮತಿ ಇಲ್ಲದೆ ಇಳಿಸುವುದಿಲ್ಲ ಅಂತ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು.

ಎಂಟು ಅಡಿ ಅಗಲದ ಸಾಮಾನನ್ನು ಇಡಿಯಾಗಿ ಲಾರಿಗೆ ಹಾಕಿದರೆ ಎರಡೂ ಕಡೆ ಹೊರಗೆ ಚಾಚುತ್ತದೆ, ಶಿರಾಡಿ ತಿರುವುಗಳಲ್ಲಿ ಅದು ಬೇಡ. ಹೇಗೂ ನೆಲ ಬದಲಿಸುವುದೇ ಇತ್ತಲ್ಲ, ಅಲ್ಲೇ ಬಿಚ್ಚಿಬಿಟ್ಟೆವು. ಕೊಳವೆ ಎರಡು, ತೊಲೆಗಳು ಒಂದು ಕಟ್ಟು, ಕಂಬಿ, ಚಪ್ಪರ. ಹಳೇ ಟೈರ್ ಹಾಸಿ ಅದರ ಮೇಲೆ ಕೊಳವೆ ಮಲಗಿಸಿ ತೆಂಗಿನ ಹಗ್ಗದಲ್ಲಿ ಬಿಗಿದೆವು. ಗುಂಡ್ಯದಲ್ಲಿ ಟೀ ಕುಡಿಯುವಾಗ ಒಬ್ಬರು "ಗ್ಯಾಸ್ ಟ್ಯಾಂಕಾ?" ಅಂತ ಕೇಳಿದರು. ಬೋಟು ಅಂದೆ. ಘಾಟಿ ಮೇಲಕ್ಕೆ ಬೋಟು ತಗೊಂಡು ಹೋಗುವವನನ್ನು ಅವರು ನೋಡಿದ ನೋಟ ಇನ್ನೂ ನೆನಪಿದೆ.

ಕೊಳವೆಗಳನ್ನು ನೇರ ಹಾಸನಕ್ಕೆ, ಆರ್ಗಾನ್ ವೆಲ್ಡಿಂಗ್ ಮಾಡುವವರ ಹತ್ತಿರ ಕಳಿಸಿದೆ. ಅಲ್ಲಿ ನನ್ನ ಬುದ್ಧಿವಂತಿಕೆ ಬಯಲಾಯಿತು. ಬಿರುಕು ಬೆಸೆದಾದ ಮೇಲೆ ವೆಲ್ಡರ್ ಹಿಂದಿನ ಕೋಣೆಗೆ ಗಾಳಿ ಹಾಕಿದರು. ಮಧ್ಯದ ಕೋಣೆಯ ಪ್ಲಗ್ ತೆಗೆದಿತ್ತು. ಅಲ್ಲಿಂದ ಸುಯ್ ಅಂತ ಗಾಳಿ ಬಂತು. ಒಳಗಿನ ಅಡ್ಡ ತಡೆಯ ಮೇಲ್ಭಾಗದಲ್ಲೇ ಬೆಸುಗೆ ಬಿಟ್ಟಿತ್ತು! ಅಂದರೆ ಮೂರು ಕೋಣೆ ಅಂತ ದುಡ್ಡು ಕೊಟ್ಟದ್ದು ಎರಡು ಕೋಣೆಗೆ. ಉಡುಪಿಯಲ್ಲಿ ನಾನು ಎಲ್ಲಾ ಪ್ಲಗ್ ಹಾಕಿಟ್ಟೇ ಒಂದೊಂದಕ್ಕೆ ಗಾಳಿ ಹಾಕಿದ್ದೆ. ಗಾಳಿ ಪಕ್ಕದ ಕೋಣೆಗೆ ಹೋಗಿ ಅಲ್ಲೇ ನಿಂತಿತ್ತು. ಹೊರಗೆ ಗುಳ್ಳೆ ಬರುವುದೆಲ್ಲಿಂದ? ಒಂದು ಕೋಣೆಗೆ ಗಾಳಿ ಹಾಕುವಾಗ ಪಕ್ಕದ್ದರ ಪ್ಲಗ್ ತೆಗೆದು ಕಿವಿ ಕೊಡಬೇಕಿತ್ತು, ಅಷ್ಟೇ. ಕೊಳವೆಗೆ ಕಿಟಕಿ ಕೊಯ್ದು, ತಡೆ ಬೆಸೆದು, ಮತ್ತೆ ಮುಚ್ಚಲು ಒಂಬತ್ತು ಸಾವಿರ ಹೆಚ್ಚಾಯಿತು. ಉಪ್ಪು ಕುಡಿದ ಅಲ್ಯೂಮಿನಿಯಂ ಬೇಗ ಬೆಸುಗೆ ಹಿಡಿಯುವುದಿಲ್ಲ. ಸ್ಟೀಲ್ ಬ್ರಷ್‌ನಲ್ಲಿ ಅಷ್ಟು ಉಜ್ಜಿದ ಮೇಲೂ ಪಟಪಟ ಸಿಡಿಯುತ್ತಿತ್ತು.

ನೆಲಕ್ಕೆ 19 ಎಂಎಂ ಮರೀನ್ ಪ್ಲೈ ತಂದೆ. ಹಾಳೆ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಅಂಗಡಿಯವರು "ವಾಟರ್‌ಪ್ರೂಫೇ ಸರ್" ಅಂತ ಸಾಮಾನ್ಯ ಬಳಕೆಯ 303 ಮುದ್ರೆಯದನ್ನು ತೋರಿಸಿದರು, ಬೇಡ ಅಂದೆ. ಕೊಯ್ದ ಅಂಚಿಗೆಲ್ಲ ಎಪಾಕ್ಸಿ ಬಳಿದೆವು, ನೀರು ಒಳಗೆ ಹೋಗುವುದೇ ಅಂಚಿನಿಂದ. ಬೋಲ್ಟೆಲ್ಲ ಹೊಸ ಸ್ಟೇನ್‌ಲೆಸ್, ಪ್ರತಿಯೊಂದಕ್ಕೂ ನೈಲಾನ್ ವಾಷರ್. ಎಂಜಿನ್ ಬದಲು 55 ಪೌಂಡ್ ಒತ್ತುವ ಬ್ಯಾಟರಿ ಮೋಟರ್ ತಗೊಂಡೆ. ಅದು ಪೂರ್ತಿ ಓಡಿದರೆ ಸುಮಾರು 50 ಆಂಪ್ ಎಳೆಯುತ್ತದೆ. ಮನೆಯ ಯುಪಿಎಸ್‌ನಿಂದ ಬಿಡಿಸಿದ 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ಒಂದು ಗಂಟೆಗೆ ಮೋಸವಿಲ್ಲ. ಮೆಲ್ಲಗೆ ಹೋದರೆ ಇಡೀ ಮಧ್ಯಾಹ್ನ ಓಡುತ್ತದೆ. ಗಾಳಿ ಬೀಸಿದರೆ ಮಾತ್ರ ಕಷ್ಟ. ಚಪ್ಪರವೇ ಹಾಯಿ ಆಗಿ ಬೋಟನ್ನು ಅಡ್ಡ ನೂಕುತ್ತದೆ. ಅದಕ್ಕೆ ಎರಡು ಹುಟ್ಟು ಇಟ್ಟಿದ್ದೇನೆ.

ಎಷ್ಟು ಜನ ಹತ್ತಬಹುದು? ಇದನ್ನು ಮಾರುವವರ ಬಾಯಿಂದ ಕೇಳಬೇಡಿ, ನೀವೇ ಲೆಕ್ಕ ಹಾಕಿ. ಎರಡು ಅಡಿ ದಪ್ಪ, ಹದಿನೆಂಟು ಅಡಿ ಉದ್ದದ ಕೊಳವೆ ಸುಮಾರು 1,600 ಲೀಟರ್ ಹಿಡಿಯುತ್ತದೆ, ಅಂದರೆ ತೋಟದ ಎಂಟು ಡ್ರಮ್. ಮೂತಿ ಚೂಪು ಇರುವುದರಿಂದ 1,500 ಅನ್ನೋಣ. ಎರಡಕ್ಕೆ 3,000 ಲೀಟರ್, ಅಷ್ಟೇ ಕೆಜಿ ತೇಲಿಸುವ ಶಕ್ತಿ. ಆದರೆ ಕೊಳವೆ ಅರ್ಧಕ್ಕಿಂತ ಜಾಸ್ತಿ ಮುಳುಗಬಾರದು ಅಂತ ನನ್ನ ನಿಯಮ. ಹಾಗಾಗಿ 1,500. ಅದರಲ್ಲಿ ಬೋಟಿನದೇ 700. ಉಳಿದದ್ದು 800. ಎಂಟು ಜನಕ್ಕೆ ನಿಲ್ಲಿಸಿದೆ. ನೀರಿಗಿಳಿಸಿದ ದಿನ ಜನರ ಬದಲು ಭಾರ ಹೇರಿ ನೋಡೋಣ ಅಂದೆ. "ಕಾಫಿ ಮೂಟೆ ಹಾಕಣ ಗೌಡ್ರೆ, ಒಂದೊಂದು ಸರಿಯಾಗಿ ಐವತ್ತು ಕೆಜಿ" ಅಂದ ನಮ್ಮ ಮೇಸ್ತ್ರಿ. ಈಗಿನ ರೇಟಿನಲ್ಲಿ ಕಾಫಿಯನ್ನು ಕೆರೆ ಮೇಲೆ ತೇಲಿಸುವ ಧೈರ್ಯ ನನಗಿಲ್ಲ. ಮರಳು ಮೂಟೆ ಹಾಕಿದೆವು. ಮೊದಲು ಹರಡಿ, ಆಮೇಲೆ ಎಲ್ಲಾ ಒಂದೇ ಪಕ್ಕಕ್ಕೆ, ಆಮೇಲೆ ಎಲ್ಲಾ ಮುಂದಕ್ಕೆ. ಪಕ್ಕಕ್ಕೆ ಹಾಕಿದಾಗ ಅಷ್ಟೇನೂ ವಾಲಲಿಲ್ಲ. ಮುಂದಕ್ಕೆ ಹಾಕಿದಾಗ ಮೂತಿ ನೀರೊಳಗೆ ಹೊಕ್ಕಿತು. ಮಕ್ಕಳು ಮೀನು ಕಂಡರೆ ಓಡುವುದು ಮುಂದಕ್ಕೇ. ಅದಕ್ಕೇ ಮುಂದಿನ ಗೇಟಿಗೆ ಚಿಲಕ ಬಂತು. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತುವ ಹಾಗಿಲ್ಲ, ಈಜು ಬರುವ ನಾನೂ ಸೇರಿ.

ಫೆಬ್ರವರಿಯಲ್ಲಿ ರೋಬಸ್ಟಾಗೆ ಸ್ಪ್ರಿಂಕ್ಲರ್ ಶುರುವಾದರೆ ಕೆರೆ ದಿನದಿನಕ್ಕೆ ಇಳಿಯುತ್ತದೆ. ಆಗ ಎರಡು ದಿನಕ್ಕೊಮ್ಮೆ ಹಗ್ಗ ಸಡಿಲಿಸಿ ಬೋಟನ್ನು ಒಳಕ್ಕೆ ನೂಕಬೇಕು. ಹೋದ ವರ್ಷ ಬ್ಯಾಕಿಂಗ್, ಅಂದರೆ ಹೂವಾದ ಮೇಲೆ ಕೊಡುವ ಎರಡನೇ ನೀರಿನ ಗಡಿಬಿಡಿಯಲ್ಲಿ ಮರೆತೆ. ಬೆಳಗ್ಗೆ ನೋಡಿದರೆ ಬೋಟು ಕೆಸರಲ್ಲಿ ಎಮ್ಮೆಯ ಹಾಗೆ ಕೂತಿತ್ತು.

ಅವ್ವನ ಮೊದಲ ಸವಾರಿ ದೀಪಾವಳಿಯ ಮಾರನೇ ದಿನ. ಹಲಗೆ ಮೇಲೆ ನಡೆದು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕುರ್ಚಿಯ ಕಾಲುಗಳನ್ನು ನೆಲಕ್ಕೆ ಕಟ್ಟಿದ್ದೆ. ಕೆರೆ ನಡುವೆ ಮೋಟರ್ ನಿಲ್ಲಿಸಿದೆ. ಅವಳು ಏನಾದರೂ ಅನ್ನುತ್ತಾಳೆ ಅಂತ ಕಾದೆ. ಬಹಳ ಹೊತ್ತು ದಡದ ಕಡೆಯೇ ನೋಡುತ್ತಿದ್ದಳು. ಕೊನೆಗೆ ಕೈ ತೋರಿಸಿ, "ಆ ಮೂರನೇ ಸಿಲ್ವರ್ ಮರದ ಮೆಣಸಿನ ಬಳ್ಳಿ ಸೊರಗ್ತಾ ಐತೆ, ನೋಡಿದ್ಯಾ?" ಅಂದಳು.

ನೋಡಿರಲಿಲ್ಲ.